ಬೆಟ್ಟದ ಮೇಲಿನ ಅನ್ನ

ಬೆಟ್ಟಕ್ಕೆ ಹೊರಟವರು ಬುತ್ತಿಯನ್ನು ಕಟ್ಟಿಕೊಳ್ಳಬೇಕೆಂಬುದು ನಮ್ಮ ಸೀಮೆಯ ಹಳೆಯ ರೂಢಿ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿರುವ ನಮ್ಮ ಕಡಕೊಳದ ಹೊಲಗಳಲ್ಲಿ ನಿಂತು ಬಡಗಣಕ್ಕೆ ನೋಡಿದರೆ ಚಾಮುಂಡಿಬೆಟ್ಟವು ಕಣ್ಣಿಗೆ ಬೀಳುತ್ತದೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳನ್ನು ಬಾಲ್ಯದಲ್ಲಿ ನಾನು ಎಷ್ಟು ಸಲ ಏರಿದ್ದೇನೋ ಲೆಕ್ಕವಿಲ್ಲ. ನಮ್ಮ ತಾಯಿಯವರು ಕೋಳಿ ಕೂಗುವ ಮೊದಲೇ ಎದ್ದು ಹುಳಿಯನ್ನ, ಮೊಸರನ್ನಗಳನ್ನು ಕಲಸಿ, ಬಾಳೆಯೆಲೆಯಲ್ಲಿಟ್ಟು, ಮೇಲೊಂದು ಬಿಳಿಯ ಬಟ್ಟೆಯನ್ನು ಬಿಗಿಯುತ್ತಿದ್ದರು. ದೊಡ್ಡ ನಂದಿಯ ಬಳಿ ದಣಿವಾರಿಸಿಕೊಂಡು, ಮೇಲೆ ಹೋಗಿ ದೇವಿಯ ದರ್ಶನವನ್ನು ಮುಗಿಸಿ, ಬಂಡೆಯ ನೆರಳಿನಲ್ಲಿ ಆ ಗಂಟನ್ನು ಬಿಚ್ಚುವುದೆಂದರೆ ನಮಗೆ ಹಬ್ಬ. ಬೆಟ್ಟದ ಮೇಲೆ ಕಾಸು ಕೊಟ್ಟು ತಿನ್ನುವುದು ನಮ್ಮ ಮನೆಯಲ್ಲಿ ದುಂದುಗಾರಿಕೆಯೆನಿಸಿತ್ತು.

ಈ ಸಂಸ್ಕಾರವನ್ನು ಕಟ್ಟಿಕೊಂಡೇ ನಾನು ಮುಪ್ಪಿನಲ್ಲಿ ಆಲ್ಪ್ಸ್ ಪರ್ವತಕ್ಕೆ ಹೋದೆನು. ಮಿತವ್ಯಯವೆಂಬ ಗುಣವು ಸ್ಥಳವರಿಯದೆ ಹೋದರೆ ಹೇಗೆ ದೋಷವಾಗಿ ಪರಿಣಮಿಸುವುದೆಂಬುದನ್ನು ಅಲ್ಲಿ ಕಲಿತುಕೊಂಡೆನು. ಆ ಪಾಠಕ್ಕೆ ನನ್ನ ಮನೆಯಾಕೆಯು ತೆರಬೇಕಾದ ಬೆಲೆಯನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಮಕ್ಕಳನ್ನು ಪರದೇಶದಲ್ಲಿರಿಸಿ, ಅವರನ್ನು ನೋಡಲು ಹೋಗಿಬರುವ ಗೃಹಸ್ಥರು ಈಗ ನಮ್ಮಲ್ಲಿ ಬಹು ಮಂದಿ ಇರುವುದರಿಂದ, ಅವರಿಗೆ ಉಪಯೋಗವಾದೀತೆಂದು ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಮ್ಮ ಮಗಳೂ ಅಳಿಯಂದಿರೂ ಸ್ವಿಟ್ಜರ್‌ಲೆಂಡಿನ ಜೂರಿಕ್ ಪಟ್ಟಣದಲ್ಲಿದ್ದಾರೆ. ಆ ದೇಶದಲ್ಲಿ ಫೆಬ್ರವರಿ ತಿಂಗಳಿನ ಸುಮಾರಿಗೆ ಪಾಠಶಾಲೆಗಳಿಗೆ ಬಿಡುವು ಕೊಡುವರು. ಅದಕ್ಕೆ ಕ್ರೀಡಾ ರಜೆಯೆಂದೇ ಹೆಸರು. ಮನೆಮಂದಿಯೆಲ್ಲ ಬೆಟ್ಟಕ್ಕೆ ಹೋಗಿ, ನೀಳವಾದ ಎರಡು ಪಟ್ಟಿಗಳನ್ನು ಪಾದರಕ್ಷೆಗಳಿಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತಾರೆ. ಇದೇ ಸ್ಕೀ ಆಟ. ಮೊಮ್ಮಗನು ಈ ಆಟದಲ್ಲಿ ಪಳಗುತ್ತಿದ್ದನು. “ತಾತ, ನೀವೂ ಅಜ್ಜಿಯೂ ಬಂದು ನೋಡಲೇಬೇಕು” ಎಂದು ಅವನು ಹಟ ಹಿಡಿದದ್ದರಿಂದ ನಾವೂ ಗ್ರಿಂಡೆಲ್‌ವಾಲ್ಡ್ ಎಂಬ ಹಳ್ಳಿಗೆ ಹೊರಟೆವು.

ಅಲ್ಲಿಂದ ಕ್ಲೈನೆ ಶೈಡೆಗ್ ಎಂಬ ಕಣಿವೆಯ ತಲೆಗೆ ರೈಲು ಏರುತ್ತದೆ. ಎತ್ತರ ೬,೭೬೨ ಅಡಿ. ೧೮೯೩ರಲ್ಲಿ ತೆರೆದ ಈ ಮಾರ್ಗದಲ್ಲಿ ಎರಡು ಕಂಬಿಗಳ ನಡುವೆ ಹಲ್ಲುಗಳುಳ್ಳ ಮೂರನೆಯ ಕಂಬಿಯಿದ್ದು, ಬಂಡಿಯ ಹಲ್ಲುಗಾಲಿಯು ಅದನ್ನು ಕಚ್ಚಿ ಹಿಡಿದು ಏರುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ ನೀಲಗಿರಿಯ ರೈಲು ಏರುವುದೂ ಇದೇ ಬಗೆಯ ಹಲ್ಲುಕಂಬಿಯಿಂದಲೇ. ಉದಕಮಂಡಲದ ರೈಲಿನಲ್ಲಿ ಕುಳಿತ ನಮ್ಮವರಿಗೆ ಈ ಏರಾಟವು ತೀರ ಹೊಸದೆನಿಸದು. ಆದರೆ ಮೇಲೆ ಇಳಿದಾಗ ಕಾಣುವ ನೋಟವೇ ಬೇರೆ. ಐಗರ್, ಮೋಂಖ್, ಯೂಂಗ್‌ಫ್ರಾವ್ ಎಂಬ ಮೂರು ಶಿಖರಗಳು ಗೋಡೆಯಂತೆ ಎದುರಿಗೆ ನಿಂತಿರುತ್ತವೆ. ಕೊನೆಯದರ ಎತ್ತರ ೧೩,೬೪೨ ಅಡಿ. ಎಲ್ಲೆಲ್ಲಿಯೂ ಹಿಮ. ಆ ಬಿಳುಪಿನ ನಡುವೆ ಬಣ್ಣಬಣ್ಣದ ಉಡುಪಿನ ಜನರು ಇರುವೆಗಳಂತೆ ಕೆಳಕ್ಕೆ ಜಾರುತ್ತಿರುತ್ತಾರೆ.

ಜಾರುವವರಿಗೆ ಹಸಿವು ಬಲು ಹೆಚ್ಚು. ಆದಕಾರಣ ಹಿಮದ ಇಳಿಜಾರುಗಳ ಪಕ್ಕದಲ್ಲೆಲ್ಲ ಮರದ ಮನೆಗಳಂತಹ ಭೋಜನಶಾಲೆಗಳಿವೆ. ಬಾಗಿಲ ಹೊರಗೆ ಸ್ಕೀ ಪಟ್ಟಿಗಳನ್ನು ಸಾಲಾಗಿ ಚುಚ್ಚಿ ನಿಲ್ಲಿಸಿ, ಭಾರವಾದ ಪಾದರಕ್ಷೆಗಳಿಂದ ದಡದಡನೆ ಸದ್ದು ಮಾಡುತ್ತ ಎಲ್ಲರೂ ಒಳಗೆ ಬರುತ್ತಾರೆ. ಹನ್ನೆರಡರಿಂದ ಒಂದೂವರೆ ಗಂಟೆಯವರೆಗೆ ಅಲ್ಲಿ ಕುಳಿತುಕೊಳ್ಳಲು ಸ್ಥಳ ಸಿಕ್ಕುವುದೇ ಕಷ್ಟ.

ನಮ್ಮ ಮನೆಯಾಕೆಗೆ ಹತ್ತು ವರ್ಷಗಳಿಂದ ಸಕ್ಕರೆಯ ಕಾಯಿಲೆಯಿದೆ. ಬೆಳಗಿನ ಮಾತ್ರೆಯನ್ನು ತಪ್ಪಿಸುವಂತಿಲ್ಲ. ಆಕೆಯು ಊರಿನಿಂದ ತಂದ ಒಗ್ಗರಣೆಯ ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿಗಳ ಜೊತೆಗೆ ನಾಲ್ಕು ಚಪಾತಿಗಳನ್ನು ಸುಟ್ಟು ಗಂಟು ಕಟ್ಟಿದ್ದಳು. ಆರೂವರೆಗೆ ಸ್ವಲ್ಪ ಫಲಾಹಾರ ಮಾಡಿ ಹೊರಟಿದ್ದೆವು. ಮೇಲೆ ಸೇರಿದ ಮೇಲೆ ಅಳಿಯಂದಿರು ಜಾರಲು ಹೋದರು. ಮಗಳು ಮೊಮ್ಮಗನನ್ನು ಅವನ ಶಿಕ್ಷಕರಿಂದ ಕರೆದು ತರಲು ಹೊರಟು, “ಅಪ್ಪ, ನೀವಿಬ್ಬರೂ ಒಳಗೆ ಕುಳಿತು ಏನಾದರೂ ಬಿಸಿಯಾಗಿ ತೆಗೆದುಕೊಳ್ಳಿ. ನಾನು ಬರುವುದು ತಡವಾದೀತು” ಎಂದು ಹೇಳಿ ಹಣವನ್ನೂ ಕೈಯಲ್ಲಿಟ್ಟಳು.

ನಾನು ದರಪಟ್ಟಿಯನ್ನು ನೋಡಿದೆನು. ಆಲೂಗೆಡ್ಡೆಯ ಒಂದು ತಟ್ಟೆಗೆ ೨೫ ಫ್ರಾಂಕು. ಫ್ರಾಂಕಿಗೆ ನೂರು ರೂಪಾಯಿಯಂತೆ ಮನಸ್ಸಿನಲ್ಲಿಯೇ ಗುಣಿಸಿದೆನು: ಎರಡೂವರೆ ಸಾವಿರ ರೂಪಾಯಿ! ಕಡಕೊಳದಲ್ಲಿ ಅಷ್ಟು ಹಣಕ್ಕೆ ಎಷ್ಟು ಮೂಟೆ ಆಲೂಗೆಡ್ಡೆ ಬರುವುದೆಂದು ಲೆಕ್ಕ ಹಾಕಿದೆನು. ಎರಡು ಬಟ್ಟಲು ಚಹವನ್ನು ಮಾತ್ರ ತರಹೇಳಿ, ಮೇಜಿನ ಮೇಲೆ ಬುತ್ತಿಯ ಗಂಟನ್ನು ಬಿಚ್ಚಿದೆನು.

ಬಡಿಸುವ ಹೆಂಗಸು ಬಂದು, ಇಲ್ಲಿ ಮನೆಯ ತಿಂಡಿಯನ್ನು ತಿನ್ನುವಂತಿಲ್ಲವೆಂದೂ, ಅದಕ್ಕೆ ಹೊರಗೆ ಬೆಂಚುಗಳಿವೆಯೆಂದೂ ಸನ್ನೆಯಿಂದಲೇ ತಿಳಿಸಿದಳು. ಮಾತು ಒರಟಾಗಿರಲಿಲ್ಲ. ಆದರೆ ಸುತ್ತಲಿನವರು ತಿರುಗಿ ನೋಡಿದರು. ನಮ್ಮ ಮನೆಯಾಕೆಯು ಮುಖ ತಗ್ಗಿಸಿ ಗಂಟನ್ನು ಮತ್ತೆ ಕಟ್ಟಿ ಮಡಿಲಲ್ಲಿಟ್ಟುಕೊಂಡಳು. ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನ ಚಳಿ, ಅದರ ಮೇಲೆ ಗಾಳಿ. “ಹೊರಗೆ ಹೋಗುವುದು ಬೇಡ ಅಂದ್ರೆ. ನನಗೇನೂ ಹಸಿವಿಲ್ಲ. ಮಗು ಬರಲಿ” ಎಂದಳು. ಆ ಮಾತು ನಿಜವಲ್ಲವೆಂದು ನನಗೆ ತಿಳಿಯಬೇಕಾಗಿತ್ತು. ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಅಷ್ಟೂ ತಿಳಿಯದೆ? ತಿಳಿದಿತ್ತು, ಆದರೆ ಎರಡೂವರೆ ಸಾವಿರದ ಲೆಕ್ಕವು ಆ ತಿಳಿವನ್ನು ಮುಚ್ಚಿಹಾಕಿತ್ತು. ಸುಮ್ಮನೆ ಕುಳಿತೆನು.

ಒಂದು ಗಂಟೆ ಕಳೆಯಿತು. ಇದ್ದಕ್ಕಿದ್ದಂತೆ ಆಕೆಯ ಕೈ ನಡುಗತೊಡಗಿತು. ಹಣೆಯಲ್ಲಿ ಬೆವರೊಡೆಯಿತು. ಏನು ಕೇಳಿದರೂ ಮಾತು ತೊದಲಿತು. ನಾನು ದಿಗ್ಭ್ರಾಂತನಾಗಿ ಎದ್ದು ನಿಂತೆನೇ ಹೊರತು ಏನು ಮಾಡಬೇಕೆಂಬುದು ತೋಚಲಿಲ್ಲ. ಅದನ್ನು ದೂರದಿಂದ ಕಂಡವಳು ಅದೇ ಹೆಂಗಸು. ಕೈಯಲ್ಲಿದ್ದ ತಟ್ಟೆಗಳನ್ನು ಅಲ್ಲಿಯೇ ಇಟ್ಟು, ಓಡಿಹೋಗಿ ಸೇಬಿನ ಹಣ್ಣಿನ ರಸಕ್ಕೆ ಸಕ್ಕರೆ ಬೆರೆಸಿ ತಂದು, ನಮ್ಮ ಮನೆಯಾಕೆಯ ತಲೆಯನ್ನು ತನ್ನ ತೋಳಿಗೆ ಆನಿಸಿಕೊಂಡು, ಗುಟುಕುಗುಟುಕಾಗಿ ಕುಡಿಸಿದಳು. ಕಾಲು ಗಂಟೆಯಲ್ಲಿ ನಡುಕ ನಿಂತಿತು, ಮಾತು ತಿಳಿಯಾಯಿತು.

ಮಗಳು ಬರುವ ಹೊತ್ತಿಗೆ ಎಲ್ಲವೂ ಶಾಂತವಾಗಿತ್ತು. ಆಕೆಯ ಮೂಲಕ ಆ ಹೆಂಗಸು, ಅಮ್ಮನವರು ಏನನ್ನು ತಿನ್ನುವರೆಂದು ವಿಚಾರಿಸಿದಳು. ಸಾರಿಗೆ ಮಾಂಸದ ತಿಳಿಯನ್ನು ಬಳಸಿರುವರೇ ಎಂದು ಅಡಿಗೆಮನೆಗೆ ಹೋಗಿ ಕೇಳಿ ಬಂದು, ಬಳಸಿರುವುದರಿಂದ ಅದು ಬೇಡವೆಂದು ತಾನೇ ಹೇಳಿ, ಬೇಯಿಸಿದ ಆಲೂಗೆಡ್ಡೆ, ಬೆಣ್ಣೆ, ರೊಟ್ಟಿಗಳನ್ನು ತಂದಿಟ್ಟಳು. ನಮ್ಮ ಮನೆಯಾಕೆಯು ಮಡಿಲಿನ ಗಂಟಿನಿಂದ ಒಂದು ಚಿಟಿಕೆ ಚಟ್ನಿಪುಡಿಯನ್ನು ಮೆಲ್ಲನೆ ತೆಗೆದು ಆಲೂಗೆಡ್ಡೆಯ ಮೇಲೆ ಉದುರಿಸಿದಾಗ ಆ ಹೆಂಗಸು ಕಂಡೂ ಕಾಣದವಳಂತೆ ನಕ್ಕು ಮುಂದೆ ಹೋದಳು. ಹಣ್ಣಿನ ರಸಕ್ಕೆ ಬೆಲೆ ಹಿಡಿಯಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬುತ್ತಿಯನ್ನು ಬಿಚ್ಚಬಾರದೆಂದ ಕೈಯೇ ಬಾಯಿಗೆ ಬಟ್ಟಲನ್ನು ಹಿಡಿಯಿತು. ಅವಳ ನಿಯಮದಲ್ಲಿ ನಿಷ್ಠುರತೆಯಿರಲಿಲ್ಲ. ನನ್ನ ಲೆಕ್ಕದಲ್ಲಿ ಇತ್ತು. ಹಾಗಾದರೆ ಬೆಟ್ಟದ ಮೇಲೆ ಅನ್ನಕ್ಕೆ ಅಷ್ಟು ಬೆಲೆ ಏಕೆಂಬುದನ್ನು ಮರುದಿನ ಅಳಿಯಂದಿರೊಡನೆ ಕುಳಿತು ವಿಚಾರ ಮಾಡಿದೆನು.

ಅಲ್ಲಿಯ ಒಂದೊಂದು ಆಲೂಗೆಡ್ಡೆಯೂ ಕೆಳಗಿನಿಂದ ಏರಿ ಬಂದದ್ದು. ರೈಲು ಇರುವಲ್ಲಿ ರೈಲಿನಿಂದ, ತಂತಿಯ ಮೇಲೆ ತೂಗುವ ತೊಟ್ಟಿಲಿರುವಲ್ಲಿ ಅದರಿಂದ, ಎರಡೂ ಇಲ್ಲದ ಕಡೆ ಹಿಮದ ಮೇಲೆ ಓಡುವ ಪಟ್ಟಿಗಾಲಿಯ ಯಂತ್ರದಿಂದ, ತೀರ ದುರ್ಗಮವಾದ ಗುಡಿಸಲುಗಳಿಗೆ ಹೆಲಿಕಾಪ್ಟರಿನಿಂದ ಸಾಮಾನು ಹೋಗುತ್ತದೆ. ಹಿಂದಿನ ಕಾಲದಲ್ಲಿ ಹೇಸರಕತ್ತೆಗಳೂ ಮನುಷ್ಯರ ಬೆನ್ನುಗಳೂ ಹೊರುತ್ತಿದ್ದವು. ಕಸವೂ ಅದೇ ದಾರಿಯಲ್ಲಿ ಇಳಿಯಬೇಕು. ನೀರು ಹೆಪ್ಪುಗಟ್ಟುವ ಕಾಲದಲ್ಲಿ ನೀರಿಗೇ ವೆಚ್ಚವುಂಟು. ಆದುದರಿಂದ ಕೆಲವೆಡೆ ಕುಡಿಯುವ ನೀರಿಗೂ ಹಣ ಕೊಡಬೇಕಾಗುವುದು. ಚಳಿಗಾಲದ ವ್ಯಾಪಾರ ಡಿಸೆಂಬರಿನಿಂದ ಏಪ್ರಿಲಿನವರೆಗೆ ಮಾತ್ರ. ಇವೆಲ್ಲಕ್ಕೂ ಮೇಲೆ ಆ ದೇಶದಲ್ಲಿ ದುಡಿಯುವವರ ಕೂಲಿಯು ಹೆಚ್ಚು. ಬೆಚ್ಚಗಿನ ಕೋಣೆಯಲ್ಲಿ ಒಂದು ಗಂಟೆ ಕುಳಿತುಕೊಳ್ಳುವ ಬೆಲೆಯೂ ತಟ್ಟೆಯ ಬೆಲೆಯಲ್ಲಿಯೇ ಸೇರಿದೆ. ಎರಡು ಬಟ್ಟಲು ಚಹದಿಂದ ನಾನು ಕೊಳ್ಳಹೊರಟದ್ದು ಆ ಬೆಚ್ಚನೆಯನ್ನೇ.

ಹಾಗೆಂದು ಆಲ್ಪ್ಸಿನಲ್ಲಿ ಅನ್ನವು ಯಾವಾಗಲೂ ಮಾರಾಟದ ವಸ್ತುವಾಗಿತ್ತೆಂದು ತಿಳಿಯಬಾರದು. ಸ್ವಿಟ್ಜರ್‌ಲೆಂಡಿನಿಂದ ಇಟಲಿಗೆ ಹೋಗುವ ದಾರಿಯಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಎಂಬ ಘಟ್ಟವಿದೆ. ಸುಮಾರು ೮,೧೦೦ ಅಡಿ ಎತ್ತರದ ಆ ಸ್ಥಳದಲ್ಲಿ ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಬರ್ನಾರ್ಡ್ ಎಂಬ ಕ್ರೈಸ್ತ ಸಾಧುವು ಒಂದು ಛತ್ರವನ್ನು ಸ್ಥಾಪಿಸಿದನು. ದಾರಿಗನು ರಾಜನೋ ಭಿಕ್ಷುಕನೋ ಎಂದು ಕೇಳದೆ, ಹಿಮದಲ್ಲಿ ಬಂದವನಿಗೆ ಅನ್ನವನ್ನೂ ಬೆಂಕಿಯನ್ನೂ ಕೊಡುವುದು ಅಲ್ಲಿಯ ವ್ರತ. ಹಿಮದಲ್ಲಿ ಹೂತುಹೋದವರನ್ನು ಹಿಂದೆ ಹುಡುಕಿ ತೆಗೆಯುತ್ತಿದ್ದ ದೊಡ್ಡ ನಾಯಿಗಳು ಆ ಘಟ್ಟದ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿವೆ. ೧೮೦೦ರ ಮೇ ತಿಂಗಳಿನಲ್ಲಿ ನೆಪೋಲಿಯನ್ನನು ತನ್ನ ಸೈನ್ಯದೊಡನೆ ಆ ಘಟ್ಟವನ್ನು ದಾಟಿದಾಗ ಸೈನಿಕರಿಗೂ ಅಲ್ಲಿಯ ಸಾಧುಗಳೇ ರೊಟ್ಟಿ, ಚೀಸು, ದ್ರಾಕ್ಷಾರಸಗಳನ್ನು ಕೊಟ್ಟರು. ಆ ಛತ್ರವು ಇಂದಿಗೂ ದಾರಿಗರಿಗೆ ಆಶ್ರಯ ಕೊಡುತ್ತಿದೆ.

ಇದನ್ನು ಓದುತ್ತಿರುವ ನಮ್ಮವರಿಗೆ ಮಲೆಮಹದೇಶ್ವರಬೆಟ್ಟದ ದಾಸೋಹವು ನೆನಪಿಗೆ ಬಾರದೆ ಇರದು. ಕಾಡುದಾರಿಯಲ್ಲಿ ನಡೆದು ಬಂದ ಭಕ್ತರನ್ನು ಪಂಕ್ತಿಯಲ್ಲಿ ಕುಳ್ಳಿರಿಸಿ, ಯಾವ ಊರು, ಯಾವ ಕುಲವೆಂದು ಕೇಳದೆ ಅಲ್ಲಿ ಬಡಿಸುವರು. ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿಬೆಟ್ಟದಲ್ಲಿಯೂ ದಾನಿಗಳು ಪ್ರಸಾದವನ್ನು ಹಂಚುತ್ತಾರೆ. ಭಾಷೆ ಬೇರೆ, ಮತ ಬೇರೆ. ಆದರೆ ಏರಿ ಬಂದವನು ಹಸಿದಿರಬಾರದೆಂಬ ಧರ್ಮವು ಎರಡೂ ಕಡೆ ಒಂದೇ. ಹಣ್ಣಿನ ರಸದ ಬಟ್ಟಲನ್ನು ಹಿಡಿದು ಓಡಿಬಂದ ಆ ಹೆಂಗಸಿನಲ್ಲಿ ನಾನು ಕಂಡದ್ದು ಈ ಧರ್ಮವನ್ನೇ.

ಇನ್ನು ಅಲ್ಲಿಗೆ ಹೋಗುವ ಸಸ್ಯಾಹಾರಿಗಳು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ರೋಸ್ಟಿಯೆಂಬುದು ತುರಿದ ಆಲೂಗೆಡ್ಡೆಯನ್ನು ಕಾವಲಿಯ ಮೇಲೆ ಕೆಂಪಗೆ ಹುರಿದ ರೊಟ್ಟಿ. ನಮ್ಮ ನಾಲಗೆಗೆ ಬೇಗ ಒಗ್ಗುತ್ತದೆ. ಆದರೆ ಅದಕ್ಕೆ ಹಂದಿಯ ಮಾಂಸದ ಚೂರುಗಳನ್ನು ಸೇರಿಸುವುದೂ, ಕೊಬ್ಬಿನಲ್ಲಿ ಹುರಿಯುವುದೂ ಉಂಟಾದ್ದರಿಂದ ಕೇಳಿಯೇ ತರಿಸಿಕೊಳ್ಳಬೇಕು. ಆಲ್ಪ್ಸಿನ ದನಗಾಹಿಗಳ ಮ್ಯಾಕರೋನಿಯೆಂಬ ತಿನಿಸಿನಲ್ಲಿ ಆಲೂಗೆಡ್ಡೆ, ಚೀಸು, ಕೆನೆ, ಈರುಳ್ಳಿಗಳಿದ್ದು, ಜೊತೆಗೆ ಸೇಬಿನ ಗೊಜ್ಜನ್ನು ಕೊಡುವರು. ಇದರಲ್ಲಿಯೂ ಮಾಂಸದ ಚೂರು ಇರಬಹುದು. ಫಾಂಡ್ಯೂ ಎಂಬುದು ಕರಗಿಸಿದ ಚೀಸಿನಲ್ಲಿ ರೊಟ್ಟಿಯ ತುಂಡುಗಳನ್ನು ಅದ್ದಿ ತಿನ್ನುವ ಊಟ. ೧೯೩೦ರ ದಶಕದಲ್ಲಿ ಚೀಸು ವ್ಯಾಪಾರಿಗಳ ಒಕ್ಕೂಟವು ಪ್ರಚಾರ ಮಾಡಿದ ಮೇಲೆ ಇದು ಇಡೀ ದೇಶದ ಊಟವೆನಿಸಿತು. ಇದಕ್ಕೆ ದ್ರಾಕ್ಷಾಮದ್ಯವನ್ನು ಬೆರೆಸುವರೆಂಬುದನ್ನು ಮದ್ಯ ಮುಟ್ಟದವರು ನೆನಪಿಡಬೇಕು. ರಾಕ್ಲೆಟ್ ಎಂಬುದು ಬೇಯಿಸಿದ ಆಲೂಗೆಡ್ಡೆಯ ಮೇಲೆ ಸುರಿದ ಬಿಸಿ ಚೀಸು. ಜೊತೆಗೆ ಸಣ್ಣ ಸೌತೆಯ ಉಪ್ಪಿನಕಾಯಿ.

ಚೀಸಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಗ್ರುಯೇರ್ ಮುಂತಾದ ಸಂಪ್ರದಾಯದ ಚೀಸುಗಳಲ್ಲಿ ಹಾಲನ್ನು ಒಡೆಯಿಸಲು ಎಳೆಗರುವಿನ ಜಠರದಿಂದ ತೆಗೆದ ವಸ್ತುವನ್ನು ಬಳಸುತ್ತಾರೆ. ಕಟ್ಟುನಿಟ್ಟಿನವರು ಇದನ್ನು ತಿಳಿದು ತಮ್ಮ ನಿರ್ಧಾರವನ್ನು ತಾವೇ ಮಾಡಿಕೊಳ್ಳತಕ್ಕದ್ದು. ನಮ್ಮ ಮನೆಯಾಕೆಯು ತಿಳಿದ ದಿನದಿಂದ ಬಿಟ್ಟಳು, ನಾನು ಬಿಡಲಿಲ್ಲ. ಆಸ್ಟ್ರಿಯದ ಕಡೆ ಸಿಕ್ಕುವ ಕೈಸರ್‌ಶ್ಮಾರನ್ ಎಂಬ ಸಿಹಿದೋಸೆಯ ಚೂರುಗಳಲ್ಲಿ ಮೊಟ್ಟೆಯಿರುತ್ತದೆ. ಬಿಸಿ ಚಾಕೊಲೇಟು, ರೊಟ್ಟಿ, ಬೆಣ್ಣೆ, ಬೇಯಿಸಿದ ಇಲ್ಲವೆ ಕರಿದ ಆಲೂಗೆಡ್ಡೆ, ಇವುಗಳನ್ನು ನಂಬಬಹುದು. ಹನ್ನೊಂದೂವರೆಗೆ ಅಥವಾ ಒಂದೂವರೆಯ ತರುವಾಯ ಹೋದರೆ ನೂಕುನುಗ್ಗಲಿರದು. ಸಂಜೆ ನಾಲ್ಕರ ಹೊತ್ತಿಗೆ ತಂತಿಯ ತೊಟ್ಟಿಲುಗಳನ್ನು ನಿಲ್ಲಿಸತೊಡಗುವುದರಿಂದ ಊಟದಲ್ಲಿ ಮೈಮರೆತು ಕುಳಿತುಕೊಳ್ಳುವಂತಿಲ್ಲ.

ಅಡಿಗೆಯ ವಿಷಯವಾಗಿಯೂ ಗೃಹಿಣಿಯರಿಗೆ ಒಂದು ಮಾತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡವು ಕಡಿಮೆಯಾಗುವುದರಿಂದ ನೀರು ಕಡಿಮೆ ಕಾವಿನಲ್ಲಿಯೇ ಕುದಿಯುತ್ತದೆ. ಸಮುದ್ರತೀರದಲ್ಲಿ ೧೦೦ ಡಿಗ್ರಿಗೆ ಕುದಿಯುವ ನೀರು ಮೈಸೂರಿನಲ್ಲಿ ಸುಮಾರು ೯೭ಕ್ಕೂ, ಕ್ಲೈನೆ ಶೈಡೆಗ್‌ನಲ್ಲಿ ಸುಮಾರು ೯೩ಕ್ಕೂ ಕುದಿಯುವುದು. ಅಲ್ಲಿಂದ ಮುಂದೆ ಬಂಡೆಯ ಸುರಂಗದಲ್ಲಿ ಏರುವ ರೈಲು ೧೯೧೨ರಲ್ಲಿ ೧೧,೩೩೨ ಅಡಿ ಎತ್ತರದ ಯೂಂಗ್‌ಫ್ರಾವ್‌ಯೋಖ್ ಎಂಬ ನಿಲ್ದಾಣವನ್ನು ಮುಟ್ಟಿತು. ಅಲ್ಲಿಯ ನೀರು ೮೯ ಡಿಗ್ರಿಯ ಸುಮಾರಿಗೇ ಕುದಿದುಬಿಡುತ್ತದೆ. ಆದಕಾರಣ ತೆರೆದ ಪಾತ್ರೆಯಲ್ಲಿಟ್ಟ ಬೇಳೆಯು ಎಷ್ಟು ಕುದಿದರೂ ಬೇಗನೆ ಬೇಯದು. ಒತ್ತಡದ ಪಾತ್ರೆಯೇ ಬೇಕು. ನಮ್ಮ ದೇಶದ ಪ್ರವಾಸಿಗಳು ಹೇರಳವಾಗಿ ಬರುವುದರಿಂದ ಆ ನಿಲ್ದಾಣದಲ್ಲಿ ಭಾರತೀಯ ಊಟವನ್ನು ಬಡಿಸುವ ಭೋಜನಶಾಲೆಯನ್ನೂ ತೆರೆದರು. ಅಷ್ಟು ಎತ್ತರದಲ್ಲಿ ಒಂದು ಬಟ್ಟಲು ಬೇಳೆಸಾರು ದೊರೆಯಬೇಕಾದರೆ ಎಷ್ಟು ಕೈಗಳು ದುಡಿಯಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಸಕ್ಕರೆಯ ಕಾಯಿಲೆಯವರಿಗಂತೂ ನಾನು ಒತ್ತಿ ಹೇಳತಕ್ಕದ್ದಿದೆ. ಕೆಲವು ಮಾತ್ರೆಗಳನ್ನಾಗಲಿ ಇನ್‌ಸುಲಿನ್ನನ್ನಾಗಲಿ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದಲ್ಲಿ ಸಕ್ಕರೆಯು ಅಪಾಯಕರವಾಗಿ ಇಳಿದುಬಿಡುತ್ತದೆ. ನಡುಕ, ಬೆವರು, ತೊದಲು ಇವು ಅದರ ಲಕ್ಷಣಗಳು. ಚಳಿಯ ನಾಡಿನಲ್ಲಿ ನಡುಕವನ್ನು ಚಳಿಯೆಂದೇ ಎಣಿಸಿ ಮೋಸಹೋಗುವ ಸಂಭವವುಂಟು. ಸಕ್ಕರೆ, ಬೆಲ್ಲ ಅಥವಾ ಹಣ್ಣಿನ ರಸವು ಯಾವಾಗಲೂ ಗಂಟಿನೊಳಗಲ್ಲ, ಜೇಬಿನಲ್ಲಿಯೇ ಇರಬೇಕು. ರೋಗಿಗೆ ಮೈಮೇಲೆ ಎಚ್ಚರವಿರುವಾಗಲೇ ಅದನ್ನು ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ವೈದ್ಯರನ್ನು ಕರೆಯಿಸಬೇಕು. ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಬುತ್ತಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿಯೂ ಎಷ್ಟೋ ಸಂಸಾರಗಳು ರೊಟ್ಟಿ, ಹಣ್ಣುಗಳನ್ನು ಬೆನ್ನಿನ ಚೀಲದಲ್ಲಿಟ್ಟುಕೊಂಡೇ ಬರುತ್ತವೆ. ಬಿಸಿಲಿದ್ದ ದಿನ ನಾವೂ ಹೊರಗಿನ ಬೆಂಚಿನ ಮೇಲೆ ಕುಳಿತು ಅವಲಕ್ಕಿಯನ್ನು ತಿಂದೆವು. ಚಾಮುಂಡಿಬೆಟ್ಟದ ಕೋತಿಗಳ ಸ್ಥಾನದಲ್ಲಿ ಹಳದಿಯ ಕೊಕ್ಕಿನ ಕರಿಯ ಹಕ್ಕಿಗಳು ಸುತ್ತಲೂ ಕುಣಿಯುತ್ತ ಪಾಲು ಕೇಳುತ್ತಿದ್ದವು. ಗಾಳಿ ಬೀಸಿದ ದಿನ ಒಳಗೆ ಕುಳಿತು, ತರಿಸಿಕೊಂಡದ್ದನ್ನು ಒಂದು ತುಣುಕೂ ಬಿಡದೆ ಉಂಡು, ಕೇಳಿದ ಬೆಲೆಯನ್ನು ಗುಣಾಕಾರ ಮಾಡದೆ ಕೊಟ್ಟು ಬಂದೆವು. ಮೂರನೆಯ ದಿನ ಮೊಮ್ಮಗನು ನಮ್ಮ ಕಣ್ಣೆದುರಿಗೆ ಒಂದು ಸಲವೂ ಬೀಳದೆ ಜಾರಿ ಬಂದನು. ಅವನಿಗಾಗಿ ತರಿಸಿದ ಚಾಕೊಲೇಟಿನ ಬೆಲೆಯೆಷ್ಟೆಂದು ನನಗೆ ನೆನಪಿಲ್ಲ.

ಊರಿಗೆ ಬಂದ ಮೇಲೆ ಆಷಾಢಕ್ಕೆ ಮುಂಚೆ ಒಂದು ದಿನ ಚಾಮುಂಡಿಬೆಟ್ಟಕ್ಕೆ ಹೋದೆವು. ಮೆಟ್ಟಿಲು ಹತ್ತುವ ಶಕ್ತಿ ಈಗ ನಮಗಿಲ್ಲ. ನಂದಿಯವರೆಗೆ ವಾಹನದಲ್ಲಿ ಹೋಗಿ ಅಲ್ಲಿ ಕುಳಿತೆವು. ಒಬ್ಬ ಮುದುಕಿಯು ಬುಟ್ಟಿಯಲ್ಲಿ ಸೌತೆಕಾಯಿಗಳನ್ನಿಟ್ಟುಕೊಂಡು ಮಾರುತ್ತಿದ್ದಳು. ಹೇಳಿದ ಬೆಲೆಯು ಪೇಟೆಯ ಬೆಲೆಗಿಂತ ಹೆಚ್ಚಾಗಿತ್ತು. ನನ್ನ ಬಾಯಿಯು ಅಭ್ಯಾಸಬಲದಿಂದ ಚೌಕಾಸಿಗೆ ತೆರೆಯಿತು.

ನಮ್ಮ ಮನೆಯಾಕೆಯು ನನ್ನನ್ನು ನೋಡಿ, “ಅಂದ್ರೆ, ಬುಟ್ಟಿ ತಾನಾಗಿಯೇ ಹತ್ತಿ ಬಂತೇ?” ಎಂದಳು.

ನಾನು ಬಾಯಿ ಮುಚ್ಚಿಕೊಂಡು ಹಣವನ್ನು ಕೊಟ್ಟೆನು. ಮುದುಕಿಯು ಸೌತೆಕಾಯಿಯನ್ನು ಸೀಳಿ, ಉಪ್ಪುಕಾರ ಸವರಿ ನಮ್ಮಿಬ್ಬರ ಕೈಗೂ ಕೊಟ್ಟಳು. ಬೆಟ್ಟದ ಗಾಳಿಯಲ್ಲಿ ಅದು ಬಹಳ ರುಚಿಯಾಗಿತ್ತು.